ಸಾಮಂತ ರಾಜನಾದದ್ದು ಯಾವಾಗ? ಶಾಸನ ಹಿಡಿದು ಪತ್ತೆ ಮಾಡುವ ಬಗೆ

ಅಕ್ಕನ ಮಗಳು ಕೆಎಎಸ್ ಪರೀಕ್ಷೆಗೆ ಓದಲು ನಮ್ಮ ಮನೆಗೆ ಬಂದಿದ್ದಾಳೆ. ಹನುಮಂತನಗರದ ಮನೆ ಚಿಕ್ಕದು. ಮಹಡಿಯ ಕೋಣೆಯನ್ನು ಅವಳಿಗೇ ಬಿಟ್ಟುಕೊಟ್ಟಿದ್ದೇವೆ. ಹೋದ ಆಷಾಢದಲ್ಲಿ ಒಂದು ಸಂಜೆ ಎರಡು ಪುಸ್ತಕಗಳನ್ನು ಎದೆಗವಚಿಕೊಂಡು ಕೆಳಗಿಳಿದು ಬಂದಳು. "ಚಿಕ್ಕಮ್ಮ, ದಂತಿದುರ್ಗ ಬಾದಾಮಿ ಚಾಳುಕ್ಯರ ಮೇಲೆ ತಿರುಗಿಬಿದ್ದು ರಾಷ್ಟ್ರಕೂಟ ರಾಜ್ಯ ಕಟ್ಟಿದ್ದು 753ರಲ್ಲಿ ಎಂದು ಇದರಲ್ಲಿದೆ. ಚಾಳುಕ್ಯರ ಕೊನೆಯ ದೊರೆ ಎರಡನೆಯ ಕೀರ್ತಿವರ್ಮ 757ರಲ್ಲೂ ಆಳುತ್ತಿದ್ದ ಎಂದು ಇನ್ನೊಂದರಲ್ಲಿದೆ. ನಡುವಿನ ನಾಲ್ಕು ವರ್ಷ ರಾಜ ಯಾರು?"

ಇಬ್ಬರೂ ಎಂದೆ. ಅವಳ ಮುಖ ಸಪ್ಪಗಾಯಿತು. ಒಂದು ಅಂಕದ ಪ್ರಶ್ನೆಯ ನಾಲ್ಕು ಆಯ್ಕೆಗಳಲ್ಲಿ "ಇಬ್ಬರೂ" ಎಂಬುದು ಇರುವುದಿಲ್ಲ. ಪರೀಕ್ಷೆಯಲ್ಲಿ 753 ಎಂದೇ ಗುರುತು ಹಾಕು, ಆದರೆ ಭಾನುವಾರ ನನ್ನ ಜೊತೆ ಬಾ, ಅದನ್ನು ನೀನೇ ಹುಡುಕುವುದು ಹೇಗೆಂದು ತೋರಿಸುತ್ತೇನೆ ಎಂದೆ. ಆಮೇಲೆ ನಾಲ್ಕೈದು ಭಾನುವಾರ ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳಗನ್ನಡದ ಪಂಡಿತರಿಗಾಗಿ ಬರೆದದ್ದಲ್ಲ ಇದು. ಕನ್ನಡ ಓದಲು ಬರುವ, ತಾಳ್ಮೆ ಇರುವ ಯಾರಾದರೂ ಮಾಡಬಹುದಾದ ಕೆಲಸ.

ನಾನು ವಿದ್ವಾಂಸಳಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿ ನಿವೃತ್ತಳಾದವಳು. ಆದರೆ ಕಡತ ನೋಡಿದ ಕಣ್ಣೇ ಶಾಸನಕ್ಕೂ ಒದಗಿತು. ನಮ್ಮ ರಾಜ್ಯದ ಸರ್ಕಾರಿ ಆದೇಶವನ್ನು ನೀವು ನೋಡಿರಬಹುದು. ಕೊನೆಯಲ್ಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಸಾಲು, ಅದರ ಕೆಳಗೆ ಅಧೀನ ಕಾರ್ಯದರ್ಶಿಯ ಸಹಿ. ಕಡತ ತಯಾರಾದದ್ದು, ತೀರ್ಮಾನವಾದದ್ದು, ಸಹಿ ಬಿದ್ದದ್ದು ಎಲ್ಲ ಇಲ್ಲೇ. ರಾಜ್ಯಪಾಲರು ಆ ಕಾಗದವನ್ನು ಕಂಡಿರುವುದೂ ಇಲ್ಲ. ಆದರೂ ಆ ಸಾಲು ಇರಲೇಬೇಕು. ಒಂದು ದಿನ ಒಬ್ಬ ಅಧಿಕಾರಿ ಆ ಸಾಲನ್ನು ಬಿಟ್ಟು, ತನ್ನ ಹೆಸರಿನಲ್ಲೇ ಆದೇಶ ಹೊರಡಿಸಿದ ಎಂದುಕೊಳ್ಳಿ. ಅದಕ್ಕೆ ದಂಗೆ ಎನ್ನದೆ ಬೇರೆ ಹೆಸರಿಲ್ಲ.

ಹತ್ತನೆಯ ಶತಮಾನದಿಂದ ಈಚಿನ ಕನ್ನಡ ಶಾಸನಗಳಲ್ಲೂ ಇಂಥದೇ ಒಂದು ಸಾಲಿದೆ: "ತತ್ಪಾದಪದ್ಮೋಪಜೀವಿ". ಅವನ ಪಾದಕಮಲವನ್ನು ಆಶ್ರಯಿಸಿ ಬದುಕುವವನು ಎಂದರ್ಥ. ಯಾರ ಪಾದ ಎಂಬುದು ಅದರ ಹಿಂದಿನ ಸಾಲಿನಲ್ಲಿರುತ್ತದೆ. ನೀವು ಹುಡುಕಬೇಕಾದದ್ದು ಈ ಸಾಲು ಯಾವ ಶಾಸನದವರೆಗೆ ಇತ್ತು, ಯಾವ ಶಾಸನದಿಂದ ಕಾಣೆಯಾಯಿತು ಎಂಬುದನ್ನು. ದಂಗೆಯ ಕಥೆಯನ್ನು ಕವಿಗಳು ನೂರು ವರ್ಷದ ಮೇಲೆ ಬರೆಯುತ್ತಾರೆ. ಸಾಲು ಬಿಟ್ಟುಹೋಗುವುದು ಮಾತ್ರ ಅದೇ ಹೊತ್ತಿಗೆ, ಸದ್ದಿಲ್ಲದೆ.

ಮೊದಲು ಬೇಕಾದದ್ದು

ಉದ್ದ ಗೆರೆಯ ಒಂದು ರಿಜಿಸ್ಟರ್, ಕೆಂಪು ಮತ್ತು ನೀಲಿ ಪೆನ್ನು, ಶಾಸನ ಸಂಪುಟಗಳು. ಮೈಸೂರು ಸೀಮೆಯ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕ ಸಾಕು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳನ್ನು ತಂದರು. ಬೆಂಗಳೂರು ಜಿಲ್ಲೆ ಒಂಬತ್ತನೆಯದು, ಕೋಲಾರ ಹತ್ತನೆಯದು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ನಿಮ್ಮ ಊರಿನ ತಾಲ್ಲೂಕು ಗೊತ್ತಿದ್ದರೆ ಹುಡುಕುವುದು ಸುಲಭ. ಮೈಸೂರು ವಿಶ್ವವಿದ್ಯಾಲಯ ಹೊರತಂದ ಪರಿಷ್ಕೃತ ಸಂಪುಟಗಳೂ ಇವೆ. ಬಿಜಾಪುರ, ಧಾರವಾಡ ಕಡೆಯ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನು ನೋಡಬೇಕು. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ನನಗೆ ಮಾತ್ರ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ಕೂತು ಪುಟ ತಿರುಗಿಸಿದರೇ ತೃಪ್ತಿ. 1909ರ ಸಂಸ್ಥೆ ಅದು. ರಸ್ತೆಗೆ ಹೆಸರು ಕೊಟ್ಟ ನೃಪತುಂಗ, ದಂತಿದುರ್ಗನ ಚಿಕ್ಕಪ್ಪನ ಮರಿಮಗ. ಇದನ್ನು ಹೇಳಿದಾಗ ಅಕ್ಕನ ಮಗಳು ಮೊದಲ ಬಾರಿಗೆ ಪುಸ್ತಕದಿಂದ ತಲೆಯೆತ್ತಿದಳು.

ರಿಜಿಸ್ಟರಿನಲ್ಲಿ ಏಳು ಅಂಕಣ ಎಳೆಯಿರಿ. ಶಾಸನದಲ್ಲಿ ಬರೆದಂತೆಯೇ ಕಾಲ, ಅದರ ಕ್ರಿಸ್ತಶಕ, ಯಾರ "ವಿಜಯರಾಜ್ಯ" ಎಂದಿದೆ, ದಾನ ಕೊಟ್ಟವನ ಬಿರುದುಗಳು, ಒಂದಕ್ಷರ ಬಿಡದೆ, ಪಾದಪದ್ಮೋಪಜೀವಿ ಇದೆಯೇ ಇಲ್ಲವೇ, ಎಲ್ಲಿಂದ ಹೊರಡಿಸಿದ್ದು, ಕೊನೆಯದು ನಂಟು. ನಂಟಿನ ಅಂಕಣ ಏಕೆಂದು ಮುಂದೆ ಹೇಳುತ್ತೇನೆ. ಒಡೆಯನ ಹೆಸರಿರುವ ಶಾಸನವನ್ನು ನೀಲಿಯಲ್ಲಿ, ಇಲ್ಲದ್ದನ್ನು ಕೆಂಪಿನಲ್ಲಿ ಬರೆಯಿರಿ. ಇಪ್ಪತ್ತು ಶಾಸನ ತುಂಬುವ ಹೊತ್ತಿಗೆ ಬಣ್ಣ ಎಲ್ಲಿ ಬದಲಾಯಿತೆಂದು ದೂರದಿಂದಲೇ ಕಾಣುತ್ತದೆ.

ಕಾಲ ಕೂಡಿಸುವಾಗ

ಶಕ ವರ್ಷಕ್ಕೆ 78 ಕೂಡಿಸಬೇಕು, ಎಲ್ಲರಿಗೂ ಗೊತ್ತು. ಪುಷ್ಯದ ಕೊನೆ, ಮಾಘ, ಫಾಲ್ಗುಣ ಬಂದರೆ 79 ಕೂಡಿಸಬೇಕು. ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಇದನ್ನು ಮರೆಯುವವರೇ ಹೆಚ್ಚು. ದಂತಿದುರ್ಗನ ಸಾಮನಗಡ ತಾಮ್ರಪಟದ ಕಾಲ ಶಕ 675. ಕೂಡಿಸಿದರೆ 753. ಆದರೆ ತಿಥಿ ನೋಡಿ: ಮಾಘದ ರಥಸಪ್ತಮಿ. ರಥಸಪ್ತಮಿ ಎಂದಾದರೂ ಡಿಸೆಂಬರಿನಲ್ಲಿ ಬಂದದ್ದುಂಟೇ? ಅದು 754. ನಮ್ಮ ಅಡಿಗೆಮನೆಯ ಗೋಡೆಯ ಕ್ಯಾಲೆಂಡರ್ ತೋರಿಸಿ ಇದನ್ನು ವಿವರಿಸಿದೆ.

ಇನ್ನೊಂದು ತೊಡಕು. ಕೆಲವು ಶಾಸನಗಳು ಕಳೆದ ವರ್ಷವನ್ನು ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ಆಗ ಸಂವತ್ಸರದ ಹೆಸರೇ ಗತಿ. ಆತಕೂರಿನ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಸುಮ್ಮನೆ ಕೂಡಿಸಿದರೆ 950 ಬರುತ್ತದೆ. ಆದರೆ ಸೌಮ್ಯ ಬರುವುದು 949–50ರಲ್ಲಿ. ಅಂಕಿಗೂ ಸಂವತ್ಸರಕ್ಕೂ ಜಗಳ ಬಂದಾಗ ನಾನು ಸಂವತ್ಸರದ ಪರ. ಅಂಕಿ ಕೆತ್ತುವಾಗ ಕೈ ತಪ್ಪಬಹುದು, ಯುಗಾದಿಯ ದಿನ ಪಂಚಾಂಗ ಕೇಳಿದ ಊರಿಗೆ ಸಂವತ್ಸರದ ಹೆಸರು ತಪ್ಪುವುದು ಕಷ್ಟ.

ಬಿರುದಿನ ಏಣಿ

ಸಾಮಂತನ ಬಿರುದುಗಳಲ್ಲಿ ಮೊದಲು ಹುಡುಕಬೇಕಾದದ್ದು "ಸಮಧಿಗತಪಂಚಮಹಾಶಬ್ದ". ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ, ಈ ಐದು ವಾದ್ಯಗಳನ್ನು ತನ್ನ ಮುಂದೆ ಬಾರಿಸಿಕೊಳ್ಳುವ ಮರ್ಯಾದೆಯನ್ನು ಪಡೆದವನು. 2017ರವರೆಗೆ ಕಾರಿನ ನೆತ್ತಿಯ ಮೇಲೆ ಕೆಂಪು ದೀಪ ಇತ್ತಲ್ಲ, ಆ ಬಗೆಯದು. ಕೇಳುವುದಕ್ಕೆ ಭಾರೀ ಗೌರವ. ಆದರೆ "ಸಮಧಿಗತ", ಅಂದರೆ ಪಡೆದದ್ದು. ಕೊಟ್ಟವನು ಮೇಲೊಬ್ಬ ಇದ್ದಾನೆ. ಸಾಮಂತ, ಮಹಾಸಾಮಂತ, ಮಹಾಸಾಮಂತಾಧಿಪತಿ, ಮಹಾಮಂಡಳೇಶ್ವರ, ಇವೆಲ್ಲ ಎಷ್ಟೇ ಉದ್ದವಾದರೂ ಏಣಿಯ ಕೆಳಗಿನ ಮೆಟ್ಟಿಲುಗಳೇ. ತುದಿಯಲ್ಲಿರುವುದು "ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ" ಎಂಬ ಮೂರರ ಕಟ್ಟು, ಅದರ ಹಿಂದೆಮುಂದೆ "ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ".

ಊರಿನ ಬಿರುದು ಬೇರೆ. ರಾಷ್ಟ್ರಕೂಟರು ಲಟ್ಟಲೂರಪುರವರಾಧೀಶ್ವರರು, ಗಂಗರು ಕುವಳಾಲಪುರವರೇಶ್ವರರು ಮತ್ತು ನಂದಗಿರಿನಾಥರು, ಹೊಯ್ಸಳರು ದ್ವಾರಾವತೀಪುರವರಾಧೀಶ್ವರರು, ಕಳಚುರಿಗಳು ಕಾಳಂಜರಪುರವರಾಧೀಶ್ವರರು. ಇದು ವಂಶದ ಮೂಲ ಹೇಳಿಕೊಳ್ಳುವ ಮಾತು, ಅಧಿಕಾರದ ಲೆಕ್ಕವಲ್ಲ. ಸೇವುಣರೂ ದ್ವಾರಾವತಿಯವರೇ ಎಂದು ಹೇಳಿಕೊಂಡರು. ಕೃಷ್ಣನ ಊರಿಗೆ ವಾರಸುದಾರರಿಗೇನು ಕಡಿಮೆ. ರಿಜಿಸ್ಟರಿನಲ್ಲಿ ಬರೆದಿಡಿ, ಆದರೆ ಅದನ್ನು ನೋಡಿ ಸ್ವತಂತ್ರನೆಂದು ತೀರ್ಮಾನಿಸಬೇಡಿ.

ಕ್ರಿಯಾಪದವನ್ನೂ ಗಮನಿಸಿ. ಒಡೆಯನದು "ವಿಜಯರಾಜ್ಯಂ ಉತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಂ ಆಚಂದ್ರಾರ್ಕತಾರಂಬರಂ ಸಲುತ್ತಮಿರೆ" ಎಂದು ಹರಿಯುತ್ತದೆ. ಸಾಮಂತ ಬರಿದೇ ಇಂಥ ನಾಡನ್ನು "ಆಳುತ್ತಮಿರೆ". ಇದು ರೂಢಿ, ಕಟ್ಟುನಿಟ್ಟಿನ ನಿಯಮವಲ್ಲ. ಬಲಿತ ಸಾಮಂತರು "ಪೃಥ್ವೀರಾಜ್ಯಂಗೆಯ್ಯುತ್ತಮಿರೆ" ಎಂದೂ ಬರೆಸಿಕೊಂಡಿದ್ದಾರೆ. ಹಾಗೆ ಬರೆಸಿಕೊಂಡವನ ಮೇಲೆ ಒಂದು ಕಣ್ಣಿಡಿ.

ದಂತಿದುರ್ಗನ ಕಡತ

ಈಗ ಅಕ್ಕನ ಮಗಳ ಪ್ರಶ್ನೆ. ಎಂಟನೆಯ ಶತಮಾನದ ತಾಮ್ರಪಟಗಳು ಸಂಸ್ಕೃತದವು, ಪಾದಪದ್ಮೋಪಜೀವಿಯ ಅಚ್ಚು ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಇಲ್ಲಿ ಬಿರುದಿನ ಅಂಕಣವೇ ಮುಖ್ಯ. ಮೂರು ಪಟಗಳನ್ನು ಒಂದರ ಕೆಳಗೊಂದು ಬರೆಯಿರಿ.

ಮೊದಲನೆಯದು ಎಲ್ಲೋರದ ಪಟ, ಶಕ 663, ಅಂದರೆ 741–42. ಇದರಲ್ಲಿ ದಂತಿದುರ್ಗ ಸಮಧಿಗತಪಂಚಮಹಾಶಬ್ದ, ಮಹಾಸಾಮಂತಾಧಿಪತಿ. ನೀಲಿ. ಎರಡನೆಯದು ಕೊಲ್ಹಾಪುರ ಕಡೆಯ ಸಾಮನಗಡದ್ದು, 754. ಅದೇ ಮನುಷ್ಯ ಈಗ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ. ಕೆಂಪು. ಹನ್ನೆರಡು ವರ್ಷದಲ್ಲಿ ಏಣಿಯ ತುದಿ ಮುಟ್ಟಿದ್ದಾನೆ.

ಸಾಮನಗಡದ ಒಂದು ಶ್ಲೋಕವನ್ನು ಅವಳಿಗೆ ಬಾಯಿಪಾಠ ಮಾಡಿಸಿದೆ. ಕಂಚಿಯ ದೊರೆಯನ್ನು, ಕೇರಳ, ಚೋಳ, ಪಾಂಡ್ಯರನ್ನು, ಶ್ರೀಹರ್ಷನನ್ನು, ವಜ್ರಟನನ್ನು ಸೋಲಿಸುವುದರಲ್ಲಿ ಪಳಗಿದ, ಬೇರೆಯವರಿಂದ ಗೆಲ್ಲಲಾಗದ "ಕರ್ಣಾಟಕಂ ಬಲಂ", ಅಂತಹ ಕರ್ಣಾಟಕ ಸೈನ್ಯವನ್ನು ಕೆಲವೇ ಭೃತ್ಯರನ್ನು ಕಟ್ಟಿಕೊಂಡು ಥಟ್ಟನೆ ಗೆದ್ದ ಎನ್ನುತ್ತದೆ. ಸೋತವನನ್ನು ಇಷ್ಟು ಹೊಗಳುವುದೇಕೆ ಎಂದು ಕೇಳಿದಳು. ಸೋತವನು ಚಿಕ್ಕವನಾದರೆ ಗೆದ್ದವನ ಬೆಲೆ ಎಷ್ಟು? ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಪೂರ್ತಿ ಎಣಿಸಿಕೊಟ್ಟು, ಆಮೇಲೆ ಆ ಥೈಲಿಯನ್ನು ಹಾಗೇ ಎತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ದಂಗೆಯೆದ್ದು ಗೆದ್ದವರ ಹೊಗಳಿಕೆಯ ಶಾಸನಗಳಲ್ಲಿ ಈ ಚಾಳಿಯನ್ನು ಮತ್ತೆ ಮತ್ತೆ ಕಾಣುತ್ತೀರಿ.

ಮೂರನೆಯದು ವಕ್ಕಲೇರಿಯ ಪಟ. ವಕ್ಕಲೇರಿ ಎಲ್ಲೋ ದೂರದ ಊರಲ್ಲ, ನಮ್ಮ ಪಕ್ಕದ ಕೋಲಾರ ತಾಲ್ಲೂಕಿನದು. ಶಕ 679, ಭಾದ್ರಪದ ಪೂರ್ಣಿಮೆ, ಅಂದರೆ 757. ಹೊರಡಿಸಿದವನು ಎರಡನೆಯ ಕೀರ್ತಿವರ್ಮ, ತನ್ನ ಆಳ್ವಿಕೆಯ ಹನ್ನೊಂದನೆಯ ವರ್ಷದಲ್ಲಿ. ಬಿರುದುಗಳಲ್ಲಿ ಒಂದೂ ಉದುರಿಲ್ಲ: ಸತ್ಯಾಶ್ರಯ, ಶ್ರೀಪೃಥಿವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ. ದಂತಿದುರ್ಗ ಗೆದ್ದೆನೆಂದು ಬರೆಸಿ ಮೂರು ವರ್ಷ ಕಳೆದ ಮೇಲೂ ಚಾಳುಕ್ಯ ದೊರೆ ಭೀಮಾ ನದಿಯ ಉತ್ತರ ದಂಡೆಯ ಭಂಡಾರಗವಿಟ್ಟಗೆಯಲ್ಲಿ ಬೀಡುಬಿಟ್ಟು, ಪಾನುಂಗಲ್ಲಿನ, ಅಂದರೆ ಹಾನಗಲ್ಲಿನ ಕಡೆಯ ಊರೊಂದನ್ನು ದಾನ ಕೊಡುತ್ತಿದ್ದಾನೆ.

ಇಲ್ಲಿ ನಿಂತು ಆರನೆಯ ಅಂಕಣ ನೋಡಬೇಕು. ಪಟ ಸಿಕ್ಕಿದ್ದು ಕೋಲಾರದಲ್ಲಿ, ಹೊರಟಿದ್ದು ಭೀಮಾ ತೀರದಲ್ಲಿ, ದಾನವಾದ ಊರು ಹಾನಗಲ್ಲಿನ ಬಳಿ. ಮೂರೂ ಬೇರೆ ಬೇರೆ. ಹೊಸಬರು ಪಟ ಸಿಕ್ಕಿದ ಊರನ್ನೇ ರಾಜ್ಯದ ನಕ್ಷೆಯಲ್ಲಿ ಗುರುತಿಸಿಬಿಡುತ್ತಾರೆ. ಕಲ್ಲು ನಿಂತಲ್ಲೇ ನಿಲ್ಲುತ್ತದೆ. ತಾಮ್ರ ದಾನ ಪಡೆದವರ ಪೆಟ್ಟಿಗೆಯಲ್ಲಿ ಊರೂರು ತಿರುಗುತ್ತದೆ. ನಿಮಗೆ ಬೇಕಾದದ್ದು ಹೊರಟ ಜಾಗ. ಬೀಡು ಭೀಮಾ ತೀರದಲ್ಲಿದೆ ಎಂದರೆ ದೊರೆ ರಾಜಧಾನಿಯಲ್ಲಿಲ್ಲ, ದಂಡಿನ ಜೊತೆಗಿದ್ದಾನೆ.

ದಂತಿದುರ್ಗ ಸುಮಾರು 756ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಉಳಿದ ಕೆಲಸ ಮುಗಿಸಿದವನು ಚಿಕ್ಕಪ್ಪ ಒಂದನೆಯ ಕೃಷ್ಣ, ಎಲ್ಲೋರದ ಕೈಲಾಸ ದೇವಾಲಯದವನು. ಹಾಗಾದರೆ ರಿಜಿಸ್ಟರಿನಲ್ಲಿ ಏನು ಬರೆಯುವುದು? ಒಂದು ವರ್ಷವನ್ನಲ್ಲ. "742ರಲ್ಲಿ ಸಾಮಂತ, 754ರಲ್ಲಿ ಬಿರುದು ಬದಲು, 757ರಲ್ಲಿ ಹಳೆಯ ಒಡೆಯ ಇನ್ನೂ ಇದ್ದಾನೆ" ಎಂದು ಮೂರನ್ನೂ ಬರೆಯಿರಿ. ದಂಗೆ ಎಂಬುದು ಆ ಮೂರು ಸಾಲುಗಳ ನಡುವಿನ ಜಾಗದಲ್ಲಿದೆ.

ಇನ್ನು ನಂಟಿನ ಅಂಕಣ. ನೃಪತುಂಗನ ಕಾಲದ, 871ರ ಸಂಜಾನ್ ಪಟದ ಪ್ರಕಾರ ದಂತಿದುರ್ಗನ ತಂದೆ ಇಂದ್ರ, ಚಾಳುಕ್ಯ ರಾಜಕುಮಾರಿಯನ್ನು ಖೇಟಕದ ಮದುವೆ ಮಂಟಪದಿಂದಲೇ ಹೊತ್ತು ತಂದ. ತಾಯಿಯ ಕಡೆಯಿಂದ ದಂತಿದುರ್ಗ ಚಾಳುಕ್ಯರ ಮನೆಯವನೇ. ಮುಂದೆ ರಾಷ್ಟ್ರಕೂಟರನ್ನು ಕೆಡಹಿದ ತೈಲಪನ ಹೆಂಡತಿ ಜಾಕಬ್ಬೆ ರಾಷ್ಟ್ರಕೂಟರ ಮಗಳು. ಸಿಂಹಾಸನಕ್ಕೆ ಕೈಹಾಕುವವನು ಕೋಟೆಯ ಹೊರಗಿನಿಂದ ಬರುವುದಕ್ಕಿಂತ ಮದುವೆ ಚಪ್ಪರದ ಕಡೆಯಿಂದ ಬರುವುದೇ ಹೆಚ್ಚು. ಅದೇ ಸಂಜಾನ್ ಪಟ, ದಂತಿದುರ್ಗ ಉಜ್ಜಯಿನಿಯಲ್ಲಿ ಹಿರಣ್ಯಗರ್ಭ ಎಂಬ ಮಹಾದಾನ ಮಾಡಿದಾಗ ಗುರ್ಜರ ದೊರೆಗಳನ್ನು ಪ್ರತಿಹಾರಿಗಳನ್ನಾಗಿ, ಅಂದರೆ ಬಾಗಿಲು ಕಾಯುವವರನ್ನಾಗಿ ನಿಲ್ಲಿಸಿದ ಎನ್ನುತ್ತದೆ. ಅವರ ವಂಶದ ಹೆಸರೇ ಪ್ರತಿಹಾರ. ಬರೆದ ಕವಿ ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು.

ತರ್ದವಾಡಿಯ ಗಾಳಿ

ಎರಡನೆಯ ಅಭ್ಯಾಸಕ್ಕೆ ತೈಲಪನನ್ನು ತೆಗೆದುಕೊಳ್ಳಿ. 965ರಲ್ಲಿ ಅವನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ, ಈಗಿನ ವಿಜಯಪುರದ ಕಡೆಯ ತರ್ದವಾಡಿ ಸಾಸಿರ ಎಂಬ ನಾಡನ್ನು ಆಳುತ್ತಿದ್ದಾನೆ. 972ರಲ್ಲಿ ಮಾಳವದ ಪರಮಾರ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷ, ಶ್ರೀಮುಖ ಸಂವತ್ಸರದಲ್ಲಿ, ತೈಲಪ ರಾಷ್ಟ್ರಕೂಟ ದೊರೆ ಎರಡನೆಯ ಕರ್ಕನನ್ನು ಕೆಡಹಿದ.  ತಾನು ಹೊಸಬನಲ್ಲ, ಬಾದಾಮಿ ಚಾಳುಕ್ಯರ ವಂಶದವನು, ಕಳೆದುಕೊಂಡದ್ದನ್ನು ಮರಳಿ ಪಡೆದವನು ಎಂಬುದು ಅವನ ಕಡೆಯವರ ವಾದ. ಗಂಗ ಮಾರಸಿಂಹ ಒಪ್ಪಲಿಲ್ಲ. ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಲು ಹೆಣಗಿದ. ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ, ಅಂದರೆ ಉಪವಾಸವಿದ್ದು ದೇಹ ಬಿಡುವ ಜೈನ ವ್ರತ ತೆಗೆದುಕೊಂಡ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ. ಬೆಟ್ಟ ಹತ್ತಿದಾಗ ಆ ಕಲ್ಲನ್ನು ಹುಡುಕಿ ನೋಡಿ.

ಇನ್ನೂರು ವರ್ಷ ಕಳೆಯುವ ಮುನ್ನ ಅದೇ ತರ್ದವಾಡಿಯಿಂದ ಇನ್ನೊಬ್ಬ ಎದ್ದ, ಕಳಚುರಿ ಬಿಜ್ಜಳ, ಬಸವಣ್ಣನವರ ಬಿಜ್ಜಳ. ಈ ಬಾರಿ ಕೆಳಗೆ ಬಿದ್ದವರು ತೈಲಪನ ವಂಶದವರು. ಆ ಸೀಮೆಯ ನೀರಿನಲ್ಲೇ ಏನೋ ಇದ್ದಿರಬೇಕು ಎಂದು ನಾನು ತಮಾಷೆ ಮಾಡುತ್ತೇನೆ. ಬಿಜ್ಜಳನ ಶಾಸನಗಳು ಕಲಿಯುವವರಿಗೆ ಒಳ್ಳೆಯ ಪಾಠ, ಏಕೆಂದರೆ ಅವನು ಬಿರುದನ್ನು ಒಂದೇ ಸಲ ಬದಲಾಯಿಸಲಿಲ್ಲ. 1157ರ ಹೊತ್ತಿಗೇ ಚಕ್ರವರ್ತಿಯ ಧಾಟಿ ಬರುತ್ತದೆ, ಆದರೆ ಮಹಾಮಂಡಳೇಶ್ವರ ಎಂಬ ಹಳೆಯ ಅಂಗಿಯೂ ಮೈಮೇಲೇ ಇರುತ್ತದೆ. 1162ರ ಸುಮಾರಿಗೆ ಅದು ಕಳಚಿ, ಭುಜಬಲಚಕ್ರವರ್ತಿಯಾಗಿ ನಿಲ್ಲುತ್ತಾನೆ. ಇಂಥ ಕಡೆ ನಾನು ಒಂದೇ ಸಾಲನ್ನು ಅರ್ಧ ನೀಲಿ, ಅರ್ಧ ಕೆಂಪಿನಲ್ಲಿ ಬರೆಯುತ್ತೇನೆ.

ನಾನು ಎಡವಿದ್ದು

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲಿದೆ. ಆನೆ, ಕುದುರೆ, ಬಿಲ್ಲಾಳುಗಳು ಮೈಮೇಲೆ ಬೀಳುವಂತೆ ಕೆತ್ತಿದ ಕಾಳಗ. ಗಂಗ ಎರೆಯಪ್ಪನ ಪರವಾಗಿ ನೊಳಂಬ ವೀರಮಹೇಂದ್ರನ ಮೇಲೆ ಹೋರಾಡಿ ಸತ್ತ ನಾಗತ್ತರನ ಕಲ್ಲು ಅದು. ಎರೆಯಪ್ಪ ಗಂಗವಾಡಿ ತೊಂಬತ್ತಾರು ಸಾಸಿರವನ್ನು ಏಕಚ್ಛತ್ರದ ನೆರಳಿನಲ್ಲಿ ಆಳುತ್ತಿದ್ದ ಎಂದು ಶುರುವಾಗುತ್ತದೆ. ರಾಷ್ಟ್ರಕೂಟರ ಸುದ್ದಿಯೇ ಇಲ್ಲ. ಮೇಲಾಗಿ ಗಂಗರು ತಮ್ಮನ್ನು ಧರ್ಮಮಹಾರಾಜಾಧಿರಾಜ ಎಂದು ಕರೆದುಕೊಳ್ಳುವವರು. ನಾನು ಹಿಗ್ಗಿ, ನಮ್ಮ ಭಾನುವಾರದ ಗುಂಪಿನಲ್ಲಿ ಎದ್ದು ನಿಂತು, ಒಡೆಯನ ಸಾಲು ಕಾಣೆಯಾಗಿದೆ, ಗಂಗರು ಇಲ್ಲಿ ಸ್ವತಂತ್ರರಾಗಿದ್ದಾರೆ ಎಂದು ಸಾರಿದೆ.

ಗುಂಪಿನ ಹಿರಿಯರೊಬ್ಬರು, ಶಾಲೆಯಲ್ಲಿ ಗಣಿತ ಕಲಿಸಿದವರು, ಮೆಲ್ಲಗೆ ಕೇಳಿದರು: "ಅಮ್ಮಾ, ನಿಮ್ಮ ಮನೆ ಕಂದಾಯದ ರಸೀದಿಯಲ್ಲಿ ರಾಷ್ಟ್ರಪತಿಗಳ ಹೆಸರಿದೆಯೇ?"

ಮೂವತ್ತೊಂದು ವರ್ಷ ಕಡತ ನೋಡಿದವಳಿಗೆ ಅದು ಹೊಳೆಯಬೇಕಿತ್ತು. ಊರ ವೀರನ ಕಲ್ಲಿಗೆ ಅವನ ನೇರ ಒಡೆಯನ ಹೆಸರು ಸಾಕು. ರಸೀದಿಯನ್ನು ರಸೀದಿಯ ಜೊತೆ, ಆದೇಶವನ್ನು ಆದೇಶದ ಜೊತೆ ಹೋಲಿಸಬೇಕು. ವೀರಗಲ್ಲಿನ ಮೌನವನ್ನು ದಾನಶಾಸನದ ಮೌನದ ಪಕ್ಕ ಇಡಬಾರದು. ಮತ್ತೆ, ಧರ್ಮಮಹಾರಾಜಾಧಿರಾಜ ಗಂಗರ ಮನೆತನದ ಹಳೆಯ ಬಿರುದು. ರಾಷ್ಟ್ರಕೂಟರ ಕೈಕೆಳಗೆ ಬಂದ ಮೇಲೂ ಅದನ್ನು ಬಿಡಲಿಲ್ಲ, ಜಮೀನು ಹೋದರೂ ಹೆಸರಿನ ಹಿಂದಿನ ಶ್ಯಾನುಭೋಗ ಎಂಬುದು ಉಳಿದುಕೊಂಡ ಮನೆಗಳಂತೆ.

ಅದೇ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ಕಡೆಯ ಆತಕೂರಿನ ಕಲ್ಲನ್ನೂ ನೋಡಬೇಕು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತನ್ನು ಮೆಚ್ಚಿ ಕೊಟ್ಟ. ಬೂತುಗ ತನ್ನ ಬಂಟ ಮಣಲೆರನಿಗೆ ಬೇಕಾದ್ದು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಅದಕ್ಕೆ ಈ ಕಲ್ಲು. ಚಕ್ರವರ್ತಿ, ಸಾಮಂತ, ಬಂಟ, ನಾಯಿ, ನಾಲ್ಕೂ ಮೆಟ್ಟಿಲು ಒಂದೇ ಕಲ್ಲಿನಲ್ಲಿವೆ. ಏಣಿ ಕಲಿಸಲು ಇದಕ್ಕಿಂತ ಒಳ್ಳೆಯ ಹಲಗೆ ಬೇರೊಂದಿಲ್ಲ.

ಇನ್ನೆರಡು ಗುಂಡಿಗಳಿವೆ. ಒಂದು, ಗೆದ್ದವನ ಕಲ್ಲನ್ನು ಮಾತ್ರ ಓದುವುದು. 1118ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಹನ್ನೆರಡು ಸಾಮಂತರೊಡನೆ ಬೀಡುಬಿಟ್ಟಿದ್ದ ಚಾಳುಕ್ಯ ಸೈನ್ಯದ ಮೇಲೆ ಕಣ್ಣೆಗಾಲದಲ್ಲಿ ರಾತ್ರಿ ಎರಗಿ ಚೆದುರಿಸಿದ ಎಂದು ಶ್ರವಣಬೆಳಗೊಳದ ಶಾಸನ ಬೀಗುತ್ತದೆ. ಹೊಯ್ಸಳನನ್ನು ಅಟ್ಟಿಸಿಕೊಂಡು ಹೋದೆವೆಂದು ಚಾಳುಕ್ಯರ ಪರವಾಗಿದ್ದ ಸಿಂದರ ಶಾಸನ ಬೀಗುತ್ತದೆ. ಎರಡನ್ನೂ ಓದಿದರೆ ಅಂದಿನ ದಂಗೆ ಏಕೆ ಅರ್ಧಕ್ಕೆ ನಿಂತಿತೆಂದು ತಿಳಿಯುತ್ತದೆ. ಹೊಯ್ಸಳರು ಪೂರ್ತಿ ಬಿರುದು ತೊಡಲು ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳ ಬರಬೇಕಾಯಿತು. ಅವನ 1192ರ ಗದುಗಿನ ಶಾಸನವನ್ನು ಅಜ್ಜನ ಶಾಸನಗಳ ಪಕ್ಕದಲ್ಲಿಟ್ಟು ಓದಿ.

ಇನ್ನೊಂದು ಇದರ ತಿರುಗುಮುರುಗು: ಬಿರುದು ಚಿಕ್ಕದು, ಮನುಷ್ಯ ದೊಡ್ಡವನು. 1346ರ ಶೃಂಗೇರಿ ಶಾಸನದ ಹೊತ್ತಿಗೆ ವಿಜಯನಗರದ ಹರಿಹರ ಪೂರ್ವಪಶ್ಚಿಮಸಮುದ್ರಾಧೀಶ್ವರ, ಭಾಷೆಗೆ ತಪ್ಪುವ ರಾಯರ ಗಂಡ. ಆದರೆ ಮುಖ್ಯ ಬಿರುದು ಇನ್ನೂ ಮಹಾಮಂಡಲೇಶ್ವರ! ಮೇಲೆ ಒಡೆಯ ಯಾರೂ ಇಲ್ಲ. ಬರೀ ಬಿರುದಿನ ಅಂಕಣ ನೋಡಿದವರು ಇಲ್ಲಿ ನೀಲಿ ಪೆನ್ನು ಎತ್ತಿಕೊಳ್ಳುತ್ತಾರೆ. ಮೂರನೆಯ ಅಂಕಣ ಖಾಲಿ ಇದೆಯಲ್ಲ, ಅದನ್ನು ನೋಡಿ.

ಕಲ್ಲು ಮಾತಾಡದ ಕಡೆ

ಎಲ್ಲ ದಂಗೆಯೂ ಶಾಸನದಲ್ಲಿ ಕಾಣುವುದಿಲ್ಲ. ದೌಲತಾಬಾದಿನ ಅಮೀರರು ಮಹಮ್ಮದ್ ಬಿನ್ ತುಘಲಕನ ಮೇಲೆ ತಿರುಗಿಬಿದ್ದಾಗ ಮೊದಲು ಪಟ್ಟ ಕಟ್ಟಿದ್ದು ವಯಸ್ಸಾದ ಇಸ್ಮಾಯಿಲ್ ಮುಖ್‌ಗೆ. ಅವನು ಬಿಟ್ಟುಕೊಟ್ಟ ಮೇಲೆ 1347ರ ಆಗಸ್ಟ್ 3ರಂದು ಹಸನ್, ಅಲಾವುದ್ದೀನ್ ಬಹಮನ್ ಶಾಹನಾದ. ಅಲ್ಲಿ ನೋಡಬೇಕಾದದ್ದು ಎರಡು: ಶುಕ್ರವಾರ ಮಸೀದಿಯಲ್ಲಿ ಓದುವ ಪ್ರವಚನವಾದ ಖುತ್ಬಾದಲ್ಲಿ ಯಾರ ಹೆಸರು, ನಾಣ್ಯದ ಮೇಲೆ ಯಾರ ಹೆಸರು. ಕಲಬುರಗಿಯ ಬಹಮನಿಗಳಿಗೆ ಅದೇ ಪಾದಪದ್ಮೋಪಜೀವಿಯ ಸಾಲು.

ನಾಣ್ಯ ಎಂದಾಗ ಬೆಂಗಳೂರಿನವರಿಗೆ ಕೆಂಪೇಗೌಡರು ನೆನಪಾಗಬೇಕು. 1537ರಲ್ಲಿ ಊರು ಕಟ್ಟಿದ ಯಲಹಂಕದ ಪ್ರಭು, ಅಪ್ಪಣೆಯಿಲ್ಲದೆ ತಮ್ಮದೇ ನಾಣ್ಯ ಹಾಕಿಸಿದರೆಂದು ವಿಜಯನಗರದವರು ಹಿಡಿದು ಆನೆಗೊಂದಿಯ ಸೆರೆಗೆ ತಳ್ಳಿದರೆಂದು ಹೇಳುತ್ತಾರೆ. ಅವರು ದಂಗೆ ಏಳಲಿಲ್ಲ. ಒಂದು ಬಿಲ್ಲೆ ಲೋಹ ಸಾಕಾಯಿತು. ಮೈಸೂರಿಗೆ ಬಂದರೆ, ರಾಜ ಒಡೆಯರು 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲನ ಕೈಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡು, ಅದೇ ವರ್ಷ ಅಲ್ಲಿ ದಸರಾ ನಡೆಸಿದರು. ವಿಜಯನಗರದ ಮಹಾನವಮಿಯನ್ನು ತಮ್ಮ ಊರಿಗೆ ತಂದದ್ದು ಯಾವ ಬಿರುದಿಗಿಂತ ಕಡಿಮೆ? ನನ್ನ ರಿಜಿಸ್ಟರಿನಲ್ಲಿ ಇದಕ್ಕೆ ಅಂಕಣವಿಲ್ಲ, ಅಂಚಿನಲ್ಲಿ ಬರೆದುಕೊಂಡಿದ್ದೇನೆ.

ಬೇಗೂರಿಗೆ ಹೋಗುವ ಮುನ್ನ

ಪುಸ್ತಕ ಸಾಕು ಎನಿಸಿದ ದಿನ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಿ. ಸುಮಾರು 890ರ ಕಲ್ಲೊಂದರಲ್ಲಿ "ಬೆಂಗುಳೂರ ಕಾಳೆಗ" ಎಂಬ ಮಾತಿದೆ, ನಮ್ಮ ಊರಿನ ಹೆಸರು ಅಷ್ಟು ಹಳೆಯದು. ಎಂಟು ಗಂಟೆಯೊಳಗೆ ತಲುಪಿ. ಆಗ ಬಿಸಿಲು ಓರೆಯಾಗಿ ಬಿದ್ದು ಅಕ್ಷರದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ. ಹನ್ನೊಂದಕ್ಕೆ ಹೋದರೆ ಬರೀ ಕಲ್ಲು. ಬಿಸಿಲಿಲ್ಲದ ದಿನ ಮೊಬೈಲಿನ ದೀಪವನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ಚಿತ್ರ ತೆಗೆಯಿರಿ. ಸೀಮೆಸುಣ್ಣ ತುಂಬಬೇಡಿ, ಎಣ್ಣೆ ಸವರಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಲೇಬೇಡಿ. ನಿಮ್ಮ ಹಳ್ಳಿಯ ಕಡೆ ಚರಂಡಿಯ ಚಪ್ಪಡಿಯಾಗಿ ಬಿದ್ದ ಕಲ್ಲು ಕಂಡರೆ ಮಿಥಿಕ್ ಸೊಸೈಟಿಗೆ ತಿಳಿಸಿ; ಬೆಂಗಳೂರು ಸುತ್ತಿನ ಶಾಸನಗಳನ್ನು ಅವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ.

ಅಕ್ಕನ ಮಗಳು ಹೋದ ಭಾನುವಾರ ತನ್ನದೇ ರಿಜಿಸ್ಟರ್ ಕೊಂಡು ತಂದಿದ್ದಳು. ಮೊದಲ ಪುಟದಲ್ಲಿ ಏಳು ಅಂಕಣ, ಎಂಟನೆಯದೊಂದನ್ನು ತಾನೇ ಎಳೆದುಕೊಂಡಿದ್ದಾಳೆ. ಅದಕ್ಕಿನ್ನೂ ಹೆಸರಿಟ್ಟಿಲ್ಲ.